ಇಲಿ ಹಾಕಿದ ಗಂಟು

ತಂಗಿಯ ಇಂಟರ್ನೆಟ್ ಕೆಡಿಸಿದವನು ನಾನೇ ಎಂದು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಅದೂ ಸಾಲದೆಂದು ಇಲಿಬೋನು ತಂದಿಟ್ಟೆ.

ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟು ಮಾಚೇನಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಕಲಿತವನು. ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ಗಂಟು ಹಾಕಿ ಎಳೆದರೇ ನನಗೆ ಸಮಾಧಾನ. ತಂಗಿ ಗೋಪಾಳದ ನಮ್ಮ ಮನೆಯಿಂದಲೇ ಆನ್‌ಲೈನಿನಲ್ಲಿ ಬ್ಲೌಸ್ ಕಟಿಂಗ್ ಕಲಿಸಲು ಫೈಬರ್ ಹಾಕಿಸಿದ್ದಳು. ಮೊದಲ ಪಾಠ ನಡೆಯುತ್ತಿತ್ತು. ಇಂಟರ್ನೆಟ್ ಪೆಟ್ಟಿಗೆಯ ಹಿಂದೆ ತೆಳು ಹಳದಿ ವೈರು ಜೋತಾಡುತ್ತಿದ್ದುದನ್ನು ನನಗೆ ಸಹಿಸಲಾಗಲಿಲ್ಲ. ಮೇಜಿನಡಿ ತೂರಿ, ಮಡಚಿ, ಸುತ್ತಿ, ವರ್ಕ್‌ಶಾಪಿನ ಗಂಟು ಹಾಕಿ ಎಳೆದೆ.

ಪಾಠ ನಿಂತಿತು. ಭದ್ರಾವತಿಯ ಶಿಷ್ಯೆಯೊಬ್ಬಳು ಫೋನಿನಲ್ಲಿ ಕೂಗಿಕೊಂಡಳು: "ಅಕ್ಕಾ, ತೋಳು ಎಲ್ಲಿವರೆಗೆ ಕತ್ತರಿಸ್ಲಿ? ಕತ್ತರಿ ಬಟ್ಟೇಲೇ ಇದೆ! ನಮ್ಮತ್ತೇದು, ರೇಷ್ಮೆ ಬಟ್ಟೆ!"

ತಂಗಿ ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕುಳಿತಳು. "ಸಂಜೆಯೊಳಗೆ ಸರಿಯಾಗ್ಲಿಲ್ಲ ಅಂದ್ರೆ ಎಲ್ಲರೂ ಬಿಟ್ಟು ಹೋಗ್ತಾರಣ್ಣ."

"ಇಲಿ ಕಡಿದಿರ್ಬೇಕು," ಎಂದುಬಿಟ್ಟೆ. ಅವಳೆದುರು ಗಂಟು ಬಿಚ್ಚುವಂತಿರಲಿಲ್ಲ. ಬೋನಿಗೆ ಕೊಬ್ಬರಿ ಸಿಕ್ಕಿಸುತ್ತ ಕುಳಿತೆ.

ಮಧ್ಯಾಹ್ನ ರಿಪೇರಿಯವನು ಬಂದ. "ಇದ್ರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇದೆ ಸಾರ್. ಬೆಳಕು ಒಳಗೊಳಗೇ ಪುಟಿದು ಪುಟಿದು ಓಡುತ್ತೆ. ಅದು ಮಿನುಗೋದ್ರಲ್ಲೇ ಮಾತು, ಚಿತ್ರ ಎಲ್ಲ ಹೋಗೋದು. ಜಾಸ್ತಿ ಮಡಚಿದ್ರೆ ಬೆಳಕು ಹೊರಗೆ ಸೋರಿಹೋಗುತ್ತೆ."

"ಹಂಗಾದ್ರೆ ಲೈಟ್ ಆರಿಸಿದ್ರೆ ಕಾಣ್ಬೇಕಲ್ಲ?" ಎಂದೆ, ಏನೂ ಅರಿಯದವನಂತೆ.

"ಅದು ಕಣ್ಣಿಗೆ ಕಾಣಲ್ಲ. ಇದು ಕಾಣುತ್ತೆ ನೋಡಿ," ಎಂದು ಪೆನ್ನಿನಂಥ ಟಾರ್ಚನ್ನು ವೈರಿನ ತುದಿಗೆ ಸಿಕ್ಕಿಸಿದ. ಮೇಜಿನ ಹಿಂದಿನ ಕತ್ತಲಲ್ಲಿ ನನ್ನ ಗಂಟೊಂದೇ ಕೆಂಪಗೆ, ಸೀರಿಯಲ್ ಸೆಟ್ಟಿನ ಬಲ್ಬಿನಂತೆ ಹೊಳೆಯಿತು.

ತಂಗಿ ಗಂಟು ನೋಡಿದಳು, ಬೋನು ನೋಡಿದಳು, ನನ್ನನ್ನು ನೋಡಿದಳು. "ಅಣ್ಣಾ, ನಮ್ಮನೆ ಇಲಿ ಮೋಟಾರ್ ವೈಂಡಿಂಗ್ ಯಾವಾಗ ಕಲೀತು?"

ಆಗಲೂ ಒಪ್ಪಿಕೊಳ್ಳದೆ ಬೋನಿನ ಕೊಬ್ಬರಿ ಸರಿಪಡಿಸಿದೆ. ರಿಪೇರಿಯವನು ಕೆಮ್ಮಿದಂತೆ ಮಾಡಿ ನಗು ನುಂಗಿ, ಬೇರೆ ವೈರು ಹಾಕಿಹೋದ.

ಸಂಜೆ ಪಾಠ ಮತ್ತೆ ಶುರುವಾಯಿತು. ಪರದೆಯ ಮೇಲೆ ಶಿಷ್ಯೆಯರೆಲ್ಲ ಇದ್ದರು. ಭದ್ರಾವತಿಯವಳು ಅರ್ಧ ಕತ್ತರಿಸಿದ ತೋಳನ್ನು ಎತ್ತಿ ಹಿಡಿದಿದ್ದಳು. ತಂಗಿ ಗಂಟಲು ಸರಿಮಾಡಿಕೊಂಡಳು. "ಬೆಳಿಗ್ಗೆ ತೊಂದ್ರೆ ಆಯ್ತು, ಸಾರಿ. ನಮ್ಮನೇಲಿ ಸ್ವಲ್ಪ ಇಲಿ ಕಾಟ..."

ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳುತ್ತಿದ್ದಳು. ತಡೆಯಲಾಗದೆ ಬೋನು ಹಿಡಿದುಕೊಂಡೇ ಕ್ಯಾಮೆರಾದೆದುರು ತಲೆ ತೂರಿಸಿದೆ.

"ಇಲಿದೇನೂ ತಪ್ಪಿಲ್ಲ ಮಾರಾಯ್ತಿ. ಗಂಟು ಹಾಕಿದ್ದು ನಾನು, ಸುಳ್ಳು ಹೇಳಿದ್ದೂ ನಾನೇ. ತಪ್ಪಾಯ್ತು ಕಣೇ, ಕ್ಷಮಿಸು."