ಕಿರೀಟ ಹಾಕ್ಕೊಂಡು ಪೇಟಿಗಿ ಕುಂತ ಮಾಸ್ತರ

ಮುಖಕ್ಕ ಗುಲಾಬಿ ಬಣ್ಣ, ಅಂಟಿಸಿದ ಬಿಳಿ ಮೀಸಿ, ತಲಿ ಮ್ಯಾಲ ಮಿಣಮಿಣ ಕಿರೀಟ. ಹಂಗ ಸ್ಟೇಜಿನ ಕೆಳಗ ಕುಂತು ಪೇಟಿ ಬಾರಸಾಕತ್ತಿದ್ರು ನಮ್ಮ ಮಾಸ್ತರ. ಸ್ಟೇಜ್ ಮ್ಯಾಲ ನಾನೊಬ್ಬನ ನಿಂತಿದ್ದೆ. ನಂದು ರಾಜನ ಮಗನ ಪಾರ್ಟು. ನಮ್ಮಪ್ಪ, ಮುದುಕ ರಾಜ, ಪರದಿ ಸರಿಸಿ ಬರಬೇಕಿತ್ತು. ಆ ರಾಜ ನೋಡಿದ್ರ ಕೆಳಗ ಪೇಟಿ ಮುಂದ ಅದಾನ.

"ಬರ್ರಿ ತಂದೆಯವರೇ" ಅಂದೆ. ಬರಲಿಲ್ಲ. ಮತ್ತೊಮ್ಮಿ ಜೋರಾಗಿ ಅಂದೆ.

"ಲೇ, ನಿಮ್ಮಪ್ಪ ಇಲ್ಲೇ ಕುಂತಾನ, ಕೆಳಗ ನೋಡು!" ಅಂತ ಮುಂದ ಕುಂತಾವ ಒಬ್ಬ ಒದರಿದ. ಇಡೀ ಮಲ್ಲಟ ಊರು ಹೋ ಅಂತ ನಕ್ಕಿತು.

ಮಾಸ್ತರ ತಲಿ ಎತ್ತಲಿಲ್ಲ. ಕಿರೀಟ ಜಾರಿ ಕಣ್ಣಿಗಿ ಬಂದಿತ್ತು, ಅದನ್ನೂ ಸರಿಸಲಿಲ್ಲ. ಎಡಗೈ ಗಾಳಿ ಹಾಕಾಕತ್ತಿತ್ತು, ಬಲಗೈ ಬಾರಸಾಕತ್ತಿತ್ತು. ತಾನು ಹಾಡಬೇಕಾದ ಪದ ಅದು. ಅದನ್ನ ಪೇಟಿಲೆ ಬಾರಸಾಕತ್ತಿದ್ರು, ಬಾಯಿ ಮುಚ್ಚಿಕೊಂಡು. ನಾನು ಏನು ಮಾಡ್ಲಿ? ನಿಂತೆ. ಯಾರೋ ಪರದಿ ಎಳದ್ರು.

ಯಾಕ ಹಂಗಾತು ಅನ್ನೋದು ಹೇಳಬೇಕಂದ್ರ ಮದ್ಲಿಂದ ಹೇಳಬೇಕು.

ನಮ್ಮ ಕಡಿ ಸುಗ್ಗಿ ಮುಗಿದು ಕೈ ಖಾಲಿ ಆದ ಮ್ಯಾಲ ಊರಾಗ ಹುಡುಗರು ಕೂಡಿ ನಾಟಕ ಕಲೀತಾರ. ಯುಗಾದಿ ಆದ ಮ್ಯಾಲ ಆಡ್ತಾರ. ಕಲಿಸಾಕ ಹೊರಗಿನಿಂದ ಒಬ್ಬ ಪೇಟಿ ಮಾಸ್ತರನ್ನ ಕರಸ್ತಾರ. ಪೇಟಿ ಅಂದ್ರ ಹಾರ್ಮೋನಿಯಂ. ಪದ ಕಲಸಾವ್ರೂ ಅವರ, ಮಾತು ಕಲಸಾವ್ರೂ ಅವರ, ಆಟದ ದಿನ ಕೆಳಗ ಕುಂತು ಬಾರಸಾವ್ರೂ ಅವರ. ನಮ್ಮ ಮಾಸ್ತರ ದೇವದುರ್ಗದವರು. ಮನ್ಯಾಗ ದಖ್ಖನಿ ಮಾತಾಡ್ತಿದ್ರು, ಆದ್ರ ನಮ್ಮೆಲ್ಲರಿಗಿಂತ ಅವರ ಕನ್ನಡ ಚೊಲೊ ಇತ್ತು. ಹಳೇ ಮೊಪೆಡ್ ಮ್ಯಾಲ ಬರ್ತಿದ್ರು. ಹಿಂದ ಪೇಟಿಗಿ ಕೌದಿ ಸುತ್ತಿ ಕಟ್ಟಿರತಿದ್ರು, ಮಗೀಗಿ ಹೊಚ್ಚಿದಂಗ. ತಾವು ಮಾತ್ರ ಬಿಸಿಲಾಗ ಬರೇ ತಲಿಲೆ. ಚಾ ಕುಡೀತಿದ್ದಿಲ್ಲ, ಬಿಸಿನೀರು ಅಷ್ಟ. ಗಲ್ಲದಾಗ ಯಾವಾಗ್ಲೂ ಒಂದು ಲವಂಗ. ಕೆಮ್ಮು ಬಂದ್ರ ಪೇಟಿ ಮ್ಯಾಲ ಬೀಳಬಾರದಂತ ಮುಖ ಪೂರಾ ತಿರಗಸ್ತಿದ್ರು.

ಯಾರನ್ನೂ ಹೆಸರಿಲೆ ಕರೀತಿದ್ದಿಲ್ಲ. ನಾಟಕದಾಗಿನ ಪಾರ್ಟಿನ ಹೆಸರಿಲೆ ಕರೀತಿದ್ರು. ಬಾಜಾರದಾಗ ಸಿಕ್ರೂ ಹಂಗ. "ಏ ಮಂತ್ರಿ, ಎಮ್ಮಿ ಈತೇನೋ?" ಅಂತಿದ್ರು. ಮಂದಿ ತಿರುಗಿ ನೋಡ್ತಿದ್ರು.

ನಾನು ಆವಾಗ ಟ್ರ್ಯಾಕ್ಟರ್ ಹೊಡೀತಿದ್ದೆ. ಎರಡನೇತ್ತಕ್ಕ ಸಾಲಿ ಬಿಟ್ಟಾವ. ನಾಟಕ ಕಲಿಯೋದು ನೋಡಾಕಂತ ಹೋಗಿ ಬಾಗಲಾಗ ನಿಂತಿದ್ದೆ. ಮಾಸ್ತರ ನನ್ನ ಮ್ಯಾಲಿಂದ ಕೆಳಗ ನೋಡಿ "ಇವನ ನೋಡು ರಾಜನ ಮಗ" ಅಂದುಬಿಟ್ರು.

"ಮಾಸ್ತರ, ನನಗ ಓದಾಕ ಬರಲ್ಲ" ಅಂದೆ.

"ಹೌದಾ? ರಾಗದಾಗ ಹೇಳು."

"ಏನು ರಾಗದಾಗ?"

"ಈಗ ಏನಂದೆಲ್ಲ, ನನಗ ಓದಾಕ ಬರಲ್ಲ ಅಂತ, ಅದನ್ನ. ಸ್ಟೇಜ್ ಮ್ಯಾಲ ಹತ್ತು. ಎದಿ ಮ್ಯಾಲ ಕೈ ಇಟ್ಕೊ."

ಗಂಡ ಸತ್ತ ರಾಣಿ ಅಳೋ ರಾಗ ಹಿಡಿದ್ರು ಪೇಟಿಲೆ. ಎಲ್ಲಾರೂ ನೋಡಾಕತ್ತಿದ್ರು. ನಾನೂ ಹಟಕ್ಕ ಬಿದ್ದು ಹಾಡಿದೆ. "ಓದಾಕ ಬರಲ್ಲಾ... ನನಗ ಓದಾಕ ಬರಲ್ಲಾ..." ಮಂದಿ ಬಿದ್ದು ಬಿದ್ದು ನಕ್ಕರು. ಎರಡನೇ ಸಲಕ್ಕ ನನಗ ನಗು ಬಂತು.

"ಇನ್ನೊಮ್ಮಿ ಆ ಮಾತು ಹೇಳಾಕ ಬಾಯಿ ಬರ್ತದೇನು?" ಅಂದ್ರು.

"ಇಲ್ರಿ."

"ಹಾಂ. ನೆಪಕ್ಕ ರಾಗ ಹಾಕು ಬೇಟಾ, ಅದು ಉಳಿಯಲ್ಲ."

ಇದು ಅವರ ಪದ್ಧತಿ. ಯಾವನು ಏನು ನೆಪ ತಂದ್ರೂ ಬೈತಿದ್ದಿಲ್ಲ, ಸ್ಟೇಜ್ ಹತ್ತಿಸಿ ಹಾಡಸ್ತಿದ್ರು. ನೆಗಡಿ ಆಗ್ಯಾದ ಅಂದಾವನೂ ಹಾಡಿದ. ಭತ್ತದ ಮೂಟಿ ಹೊತ್ತು ಸೊಂಟ ಹೋಗ್ಯಾದ ಅಂದ ಹಮಾಲನೂ ಹಾಡಿದ. ಮಂತ್ರಿ ಪಾರ್ಟಿನಾವ ಒಂದಿನ "ಹೆಂಡ್ತಿ ಬ್ಯಾಡ ಅಂತಾಳ" ಅಂತ ರಾಗ ಎಳಿಯಾಕತ್ತಿದ್ದ. ನೀರಿನ ಕೊಡ ಹೊತ್ತು ಆಕಿ ಅಲ್ಲೇ ಹೊಂಟಿದ್ಲು. ನಿಂತು ಕೇಳಿದ್ಲು. "ಯಪ್ಪಾ ಮಾಸ್ತರ, ನಾ ಯಾವಾಗ ಬ್ಯಾಡ ಅಂದೀನಿ? ಇಡೀ ದಿನ ಇಲ್ಲೇ ಇಟ್ಕೋರಿ. ಮನ್ಯಾಗ ಕಾಟ ತಪ್ಪತದ" ಅಂದ್ಲು. ಅವತ್ತಿಂದ ಮಂತ್ರಿ ಒಂದು ದಿನ ತಪ್ಪಿಸಲಿಲ್ಲ.

ನನಗ ಓದಿ ಹೇಳಾಕ ಮಾಸ್ತರ ಹೊಲಕ್ಕ ಬಂದ್ರು. ನಾನು ನೇಗಿಲು ಹೊಡಿಯೋ ಹೊತ್ತಿನಾಗ ಟ್ರ್ಯಾಕ್ಟರಿನ ಮಡ್ಗಾರ್ಡ್ ಮ್ಯಾಲ ಕುಂತು, ಇಂಜಿನ್ ಸಪ್ಪಳದಾಗ ಒದರಿ ಒದರಿ ಮಾತು ಹೇಳಿಕೊಟ್ರು. ನಾನೂ ಒದರಿ ಹೇಳಬೇಕು, ಇಲ್ಲಂದ್ರ ಕೇಳ್ತಿದ್ದಿಲ್ಲ. ಧೂಳು ಕುಡಿದು ಕೆಮ್ಮತಿದ್ರು. "ಇಳೀರಿ ಮಾಸ್ತರ" ಅಂದ್ರ "ನೀ ಮುಂದ ಹೇಳು" ಅಂತಿದ್ರು. ಸ್ಟೇಜ್ ಮ್ಯಾಲ ನನ್ನ ಧ್ವನಿ ಕಡೀ ಸಾಲಿನ ತನಕ ಮುಟ್ಟತದ ಅಂತ ಮಂದಿ ಅಂತಾರ. ಅದು ಹಂಗ ಬಂದಿದ್ದು.

ಆಮ್ಯಾಲ ಅದ ಗುಂಡಿಗಿಲೆ ನಾನು ದೊಡ್ಡ ಗಾಡಿ ಲೈಸನ್ಸಿಗಿ ಹೋದೆ. ಅಕ್ಷರ ಬರಲ್ಲ, ನನಗ್ಯಾರು ಕೊಡ್ತಾರ ಅಂತ ಅಲ್ಲಿ ತನಕ ಹೋಗಿದ್ದೇ ಇಲ್ಲ. ರಾಯಚೂರಿನ ಬಸ್ಸಿನಾಗ ಕುಂತಾಗ ಆ ಮಾತು ಮತ್ತ ನಾಲಿಗಿಗಿ ಬಂತು, ಆದ್ರ ರಾಗದ ಜತಿಗೇ ಬಂತು. ನಕ್ಕು ಬಿಟ್ಟೆ. ಈಗ ರಾಯಚೂರಾಗ ಅಕ್ಕಿ ಮಿಲ್ಲಿನ ಲಾರಿ ಹೊಡೀತೀನಿ.

ಇರ್ಲಿ, ನನ್ನ ಮಾತು ಸಾಕು.

ಆ ನಾಟಕದಾಗ ಮುದುಕ ರಾಜಗ ಒಂದ ಸೀನು. ಬರ್ತಾನ, ಒಂದು ಪದ ಹಾಡ್ತಾನ, ಕಿರೀಟ ತಗದು ಮಗನ ತಲಿಗಿ ಇಟ್ಟು ಹೋಗ್ತಾನ. ಆ ಪಾರ್ಟು ಆ ಹಮಾಲಂದು. ಅವನಿಗಿ ತೋರಸಾಕಂತ ಒಂದಿನ ಮಾಸ್ತರ ಪೇಟಿ ಬಿಟ್ಟು ಎದ್ರು. ಪರದಿ ಹಿಂದಿಂದ ನಡದು ಬಂದ್ರು. ಅವರು ಗಿಡ್ಡ ಮನಷ್ಯ, ಆದ್ರ ಅವತ್ತು ಗಿಡ್ಡ ಕಾಣಲಿಲ್ಲ. ಪದ ಹಾಡಿದ್ರು. ನಮ್ಮ ಮಂತ್ರಿ ಬೀಡಿ ಕೈಯಾಗ ಹಿಡಕೊಂಡು ಸೇದೋದು ಮರತು ನಿಂತ. ಹಮಾಲ ಕಣ್ಣು ವರಿಸಿಕೊಂಡ. "ಮಾಸ್ತರ, ನಿಮ್ಮ ಕಾಲಿಗಿ ಬೀಳ್ತೀನಿ, ಈ ಪಾರ್ಟು ನೀವ ಮಾಡ್ರಿ" ಅಂದ.

"ಪೇಟಿ ಯಾರು ಬಾರಸ್ತಾರಲೇ, ನಿಮ್ಮ ತಾತನಾ?" ಅಂತ ನಗಿಸಿ ಕುಂತು ಬಿಟ್ರು.

ಅಷ್ಟಕ್ಕ ನಾನು ಬಿಟ್ಟುಬಿಡತಿದ್ದೆ. ಒಂದಿನ ದೇವದುರ್ಗಕ್ಕ ಟ್ರ್ಯಾಕ್ಟರ್ ರಿಪೇರಿಗಿ ಹೋದಾಗ ಅವರ ಮನಿಗಿ ಹೋದೆ. ಮಾಸ್ತರ ಇದ್ದಿಲ್ಲ. ಚಾಚಿ, ಅಂದ್ರ ಅವರ ಹೆಂಡ್ತಿ, ಕುಂದ್ರಿಸಿ ಟ್ರಂಕ್ ತಗದು ಒಂದು ಕಿರೀಟ ತೋರಿಸಿದ್ರು. ರಟ್ಟಿಂದು. ಮ್ಯಾಲ ಮಿಂಚೋ ಬೇಗಡಿ ಕಾಗದ ಹಚ್ಚಿತ್ತು.

"ಶಾದಿಗಿ ಮದ್ಲ ಮಾಡಿದ್ದು ಬೇಟಾ ಇದು. ವರ್ಷ ವರ್ಷ ಬೇಗಡಿ ಹೊಸಾದು ಹಚ್ತಾರ. ತಲಿಗಿ ಮಾತ್ರ ಹಾಕ್ಕಳಲ್ಲ. ಊರೂರಿಗಿ ಹೋಗಿ ರಾಜರನ್ನ ತಯಾರು ಮಾಡ್ತಾರ. ತಾವು ಕೆಳಗ ಕುಂದರತಾರ."

"ಯಾಕ್ರಿ ಚಾಚಿ?"

"ಕೇಳಿದ್ರ, ಪೇಟಿ ಯಾರು ಬಾರಸ್ತಾರ ಅಂತಾರ. ಮೊದಲ ಮಗ ಹುಟ್ಟಿದಾಗೂ ಅದ, ಮೊಮ್ಮಗ ಹುಟ್ಟಿದಾಗೂ ಅದ."

ನನಗ ಸಿಟ್ಟು ಬಂತು. ನಮ್ಮನ್ನೆಲ್ಲ ಹಾಡಿಸಿದ ಮನಷ್ಯ ತಾನೊಂದು ನೆಪ ಟ್ರಂಕಿನಾಗ ಇಟ್ಕೊಂಡಾನಲ್ಲ ಅಂತ. ಮಾನ್ವಿಯಾಗ ಭಜನಿಗಿ ಪೇಟಿ ಬಾರಸೋ ಒಬ್ಬಾತ ಇದ್ದ. ಮಾಸ್ತರ ಕೈಯಾಗ ಕಲಿತಾವ. ಅವನನ್ನ ಕರಕೊಂಡು ಬಂದು ಎಲ್ಲಾರ ಮುಂದ ನಿಂದ್ರಿಸಿದೆ. "ಮಾಸ್ತರ, ಪೇಟಿ ಇವ ಬಾರಸ್ತಾನ. ಮುದುಕ ರಾಜ ನೀವು" ಅಂದೆ. ಹಮಾಲ ಮದ್ಲ ಚಪ್ಪಾಳಿ ಹೊಡದ, ಪಾರ್ಟು ತಪ್ಪಿತಲ್ಲ ಅಂತ.

ಮಾಸ್ತರ ಶಿಷ್ಯನ್ನ ನೋಡಿದ್ರು, ನನ್ನ ನೋಡಿದ್ರು. "ಇವ ಶ್ರುತಿ ತಪ್ಪಿಸ್ತಾನಲೇ" ಅಂದ್ರು.

"ರಾಗದಾಗ ಹೇಳ್ರಿ!" ಅಂದೆ.

ಮಂದಿ ಎಲ್ಲಾ "ರಾಗದಾಗ, ರಾಗದಾಗ" ಅಂತ ಕೂಗಾಕತ್ತಿತು. ಶಿಷ್ಯ ಆ ರಾಣಿ ಅಳೋ ರಾಗನೇ ಹಿಡದ. ಮಾಸ್ತರ ಬಾಯಿ ತಗದ್ರು, ನಗು ಬಂತು, ಕೆಮ್ಮು ಬಂತು. ಕಣ್ಣಾಗ ನೀರು ಬರೋ ತನಕ ನಕ್ಕು, "ಆತಪಾ, ಆತು. ಮಾಡ್ತೀನಿ" ಅಂದ್ರು.

ಆಟದ ದಿನ ಟ್ರಂಕಿನ ಕಿರೀಟ ಬಂತು. ಚಾಚಿನೂ ಬಂದಿದ್ರು, ಹೆಣಮಕ್ಕಳ ನಡುವ ಕುಂತಿದ್ರು. ಬಣ್ಣ ಹಚ್ಚಿಸಿಕೊಳ್ಳಾಗ ಮಾಸ್ತರ ಕಣ್ಣು ಮುಚ್ಚಿಕೊಂಡು ಸಣ್ಣ ಹುಡುಗನ ಹಂಗ ಕುಂತಿದ್ರು. ಸೀನ್ ಬಂತು. ನಾನು ಸ್ಟೇಜಿಗಿ ಹೋದೆ. ಅವರು ಪರದಿ ಹಿಂದಿಂದ ಇಳದು, ಸುತ್ತು ಹಾಕಿ, ಶಿಷ್ಯನ್ನ ಸರಿಸಿ ಪೇಟಿಗಿ ಕುಂತು ಬಿಟ್ರು. ಆಗಿದ್ದು ಮದ್ಲ ಹೇಳೀನಿ.

ಆಟ ಮುಗಿದ ಮ್ಯಾಲ ನಾನು ಹೋಗಿ ಎದುರಿಗಿ ನಿಂತೆ. ಕೊಬ್ಬರಿ ಎಣ್ಣಿ ಹಚ್ಚಿ ಬಣ್ಣ ತಿಕ್ಕಾಕತ್ತಿದ್ರು.

"ಶ್ರುತಿ ತಪ್ಪಿತ್ತು" ಅಂದ್ರು.

ಶಿಷ್ಯ ಅಲ್ಲೇ ಇದ್ದ. ಕೆಳಗ ನೋಡಿ ಸಣ್ಣಗ ಅಂದ, "ತಪ್ಪಿದ್ದಿಲ್ರಿ ಮಾಸ್ತರ."

ಮಾಸ್ತರ ತಿಕ್ಕೋದು ಬಿಟ್ರು. ಅರ್ಧ ಮುಖ ರಾಜಂದು, ಅರ್ಧ ಅವರದು. "ಹೌದು, ತಪ್ಪಿದ್ದಿಲ್ಲ. ಪರದಿ ಹಿಂದ ನಿಂತಾಗ ಕಾಲು ಮುಂದ ಬರ್ಲಿಲ್ಲಲೇ. ನಿಮಗ ಹೇಳೋದು ಬ್ಯಾರೆ. ಇಷ್ಟ ದಿನ ಇಟ್ಕೊಂಡದ್ದು ಒಂದ ಪದದಾಗ ಮುಗಿದು ಹೋದ್ರ ಆಮ್ಯಾಲ ಏನು ಇಟ್ಕೊಳ್ಲಿ?"

ಬೈಬೇಕು ಅಂತ ಹೋಗಿದ್ದೆ, ಬೈಯಾಕ ಬರಲಿಲ್ಲ. ಚಾಚಿ ಹೊರಗ ನಿಂತಿದ್ರು. ಕಿರೀಟ ಇಸಕೊಂಡು ಸೆರಗಿನಾಗ ಸುತ್ತಿಕೊಂಡ್ರು.

"ಮುಂದಿನ ವರ್ಷ ಖರೇನ ಮಾಡ್ತೀನಿ" ಅಂದ್ರು ಮಾಸ್ತರ, ಮೊಪೆಡ್ ಹತ್ತೋ ಮುಂದ. ಅದು ನೆಪ ಇದ್ದಿಲ್ಲ. ನನಗ ಗೊತ್ತಾಗತದ. ಖರೇನ ಮಾಡತಿದ್ರು.

ಮುಂದಿನ ವರ್ಷಕ್ಕ ಮಾಸ್ತರಿಗಿ ಉಸಿರಾಡಾಕ ಬರದಂಗ ಎದಿ ಹಿಡಕೊಂಡಿತು. ರಾಯಚೂರಿನ ದವಾಖಾನಿಗಿ ನಾನ ಕರಕೊಂಡು ಹೋದೆ. ಎದಿ ಪೂರಾ ಹೋಗ್ಯಾದ, ಮನ್ಯಾಗ ಇಟ್ಕೋರಿ ಅಂದ್ರು ಡಾಕ್ಟರು. ನಾನು ಬಿಡಲಿಲ್ಲ, ಇನ್ನೊಬ್ಬರ ಹತ್ರ ಹೋದ್ವಿ. ಅವರೂ ಅದ ಅಂದ್ರು.

ಲಾರಿ ಡ್ಯೂಟಿ ಇಲ್ಲದಾಗ ದೇವದುರ್ಗಕ್ಕ ಹೋಗಿ ಬರ್ತಿದ್ದೆ. ಕಡೀ ಸಲ ಹೋದಾಗ ಬಾಗಲ ಹತ್ರ ಮಂಚದ ಮ್ಯಾಲ ದಿಂಬಿಗಿ ಒರಗಿ ಕುಂತಿದ್ರು. ಕಿರೀಟ ಮೊಳಿಗಿ ತೂಗಹಾಕಿತ್ತು. ಅದಕ್ಕ ಹೊಸ ಬೇಗಡಿ ಹಚ್ಚಿದ್ದಿಲ್ಲ.

ನಾನು ಹೇಳಿದೆ, "ಮಾಸ್ತರ, ರಾಜಗ ಕುರ್ಚಿ ಇರತದಿಲ್ರಿ? ಕುಂತ ಮಾಡ್ರಿ. ನಾವು ಎತ್ತಿಕೊಂಡು ಹೋಗ್ತೀವಿ. ಯುಗಾದಿ ತನಕ ಕಾಯೋದ ಬ್ಯಾಡ, ಈ ವಾರದಾಗ ಆಡೂಣು."

"ಉಸಿರಿಲ್ಲಲೇ ಮಗನ" ಅಂದ್ರು.

ನನ್ನ ಬಾಯಿಗಿ ಬಂದುಬಿಡ್ತು, "ರಾಗದಾಗ ಹೇಳ್ರಿ."

ಅಂದ ಮ್ಯಾಲ ನಾಲಿಗಿ ಕಡಕೊಂಡೆ. ಅವರು ನಕ್ಕರು. ಪೇಟಿ ಕಡಿ ಕೈ ಮಾಡಿದ್ರು. ಚಾಚಿ ಕೌದಿ ಬಿಚ್ಚಿ ಮುಂದ ತಂದಿಟ್ರು. ಮಾಸ್ತರ ಎಡಗೈ ಹಾಕಿ ಗಾಳಿ ಎಳದ್ರು. ಬಲಗೈ ಹಾಸಿಗಿ ಮ್ಯಾಲ ಇದ್ದಿದ್ದು ಏಳಲಿಲ್ಲ. ಪೇಟಿಯಿಂದ ಗಾಳಿ ಅಷ್ಟ ಬಂತು, ಸೂಂ ಅಂತ. ಅವರ ಎದಿ ಸಪ್ಪಳನೂ ಹಂಗ ಇತ್ತು. ಯಾವುದು ಯಾವುದರದು ಗೊತ್ತಾಗಲಿಲ್ಲ.

ನನ್ನ ಕಡಿ ನೋಡಿ ಕೇಳಿದ್ರು, "ಇದು ನೆಪ ಅಲ್ಲ, ಹೌದಿಲ್ಲೋ?"

"ಅಲ್ರಿ ಮಾಸ್ತರ" ಅಂದೆ.

ಅವರು ತಲಿ ಆಡಿಸಿದ್ರು. ಅಷ್ಟ ಬೇಕಾಗಿತ್ತು ಅನ್ನಂಗ.

ಆ ವಾರ ದಾಟಲಿಲ್ಲ. ಸುದ್ದಿ ಬಂದಾಗ ನಾನು ಲೋಡ್ ತಗೊಂಡು ಹೊರಗಿನ ಊರಾಗ ಇದ್ದೆ. ಬಂದು ಮುಟ್ಟೋದ್ರಾಗ ಮಣ್ಣು ಕೊಟ್ಟು ಮಂದಿ ಮನಿಗಿ ತಿರುಗಿದ್ರು.

ಈ ವರ್ಷ ನಮ್ಮೂರಾಗ ನಾಟಕ ಆಗಲಿಲ್ಲ. ಕೂಡೋದಕ್ಕ ಅಂತ ಕೂಡಿದ್ವಿ. ಮಂತ್ರಿ ಹತ್ತಿ ಕೆಲಸ ಅದ ಅಂದ. ಹಮಾಲ ಸೊಂಟ ಅಂದ. ನಾನು ಲಾರಿ ಡ್ಯೂಟಿ ಅಂದೆ. ರಾಗದಾಗ ಹೇಳು ಅನ್ನಾಕ ಯಾರೂ ಇದ್ದಿಲ್ಲ. ಎದ್ದು ಮನಿಗಿ ಹೋದ್ವಿ.

ಇಷ್ಟ. ಇನ್ನ ನಂದು ಹೇಳೋದು ಏನೂ ಇಲ್ಲ.