ಖಾಲಿ ಉಳಿದ ತೊಗರಿ ಸಾಲು

ಸಂಗಮ್ಮನನ್ನು ನಾನು ಮೊದಲು ಕಂಡದ್ದು ಘಾಟಬೋರಾಳದ ಶಾಲೆಗೆ ವರ್ಗವಾಗಿ ಬಂದ ದಿನ. ಬಸ್ಸಿಳಿದು ದಾರಿ ಕೇಳಿದರೆ, ಕೂರಿಗೆಯ ಹಿಂದೆ ನಡೆಯುತ್ತಿದ್ದ ಆಕೆ ಗದ್ದದಿಂದಲೇ ಶಾಲೆಯ ಕಡೆ ತೋರಿಸಿದಳು. "ಕೈ ತೆಗದ್ರ ಸಾಲು ತಪ್ತದ್ರಿ, ಸರ" ಎಂದು ನಕ್ಕಳು.

ಉದ್ದು ಬಿತ್ತುವ ಕೂರಿಗೆಗೆ ಹಗ್ಗದಿಂದ ಕಟ್ಟಿದ ಬಿದಿರಿನ ಕೊಳವೆ ಹಿಡಿದು, ಅದರ ಬಾಯಿಗೆ ತೊಗರಿ ಕಾಳು ಬಿಡುತ್ತ ಹೋಗುವುದು ಆಕೆಯ ಕೆಲಸ. ಆಕೆಯ ಕೈಗುಣ ಕೇಳಿ ಬಸವಕಲ್ಯಾಣದ ಕಡೆಯವರೂ ಕರೆಯಲು ಬರುತ್ತಿದ್ದರು. ಗಂಡನಿಲ್ಲದ ಆಕೆಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಕೈಯಿಂದಲೇ ಬಂದದ್ದು.

ಹೋದ ವರ್ಷದ ಹಿಂದಿನ ವರ್ಷ ಮಹಾರುದ್ರಪ್ಪನವರ ಹೊಲದಲ್ಲಿ ಬಿತ್ತುವಾಗ, ಕಾಳು ಕೆಳಗಿಳಿಯದೆ ನಿಂತದ್ದು ಆಕೆಯ ಬೆರಳಿಗೆ ತಿಳಿಯಿತು. ಕೊಳವೆಯ ಕೆಳತುದಿಗೆ ಹಸಿ ಎರೆಮಣ್ಣು ಮೆತ್ತಿಕೊಂಡಿತ್ತು.

"ಕಾಕಾ, ಕೊಳವಿ ಕಟ್ಟ್ಯದ. ಎತ್ತು ನಿಂದರಸ್ರಿ."

"ಮುಗಿಲು ತಲಿ ಮ್ಯಾಲ ಬಂದದ, ನಿನಗ ಕೊಳವಿ ಚಿಂತಿ. ಈ ಸಾಲು ಮುಗಿಸಿ ನೋಡಮು, ನಡಿ" ಎಂದರು ಮಹಾರುದ್ರಪ್ಪನವರು.

ಎತ್ತು ಹೊಡೆಯುತ್ತಿದ್ದ ಆಳು ಪಂಡರಿ ತಿರುಗಿ ನೋಡಿದ, ನಿಲ್ಲಿಸಲಿಲ್ಲ. ಸಾಲಿನ ತುದಿ ಮುಟ್ಟುವಷ್ಟರಲ್ಲಿ ಮಳೆ ಸುರಿಯಿತು; ಕಾಳು ಬೀಳದ ಸಾಲು ಹಾಗೇ ಉಳಿಯಿತು.

ಬಿತ್ತುವಾಗ ಸಾಲು ಖಾಲಿ ಬಿಟ್ಟರೆ ಆ ಮನೆಯಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಎಂದು ಊರಿನ ನಂಬಿಕೆ. ತೊಗರಿ ಮೊಣಕಾಲೆತ್ತರ ಬೆಳೆದು, ನಡುವಿನ ಬೋಳು ಸಾಲು ಕಣ್ಣಿಗೆ ಹೊಡೆಯುವ ಹೊತ್ತಿಗೆ ಮಹಾರುದ್ರಪ್ಪನವರು ಎದೆನೋವಿನಿಂದ ತೀರಿಕೊಂಡರು. ಮಣ್ಣು ಮುಗಿಸಿ ಬಂದವರ ಮುಂದೆ ಸೊಸೆ ವಿಶಾಖಾ ಒಂದೇ ಮಾತು ಆಡಿದಳು: "ಸಂಗಮ್ಮ ಸಾಲು ಬಿಟ್ಟಾಳ."

ಆ ಬೀಜಕ್ಕೆ ಮಳೆಯೂ ಬೇಕಾಗಲಿಲ್ಲ, ಗೊಬ್ಬರವೂ ಬೇಕಾಗಲಿಲ್ಲ. ಸಂತೆಯಿಂದ ಸಂತೆಗೆ ಹಬ್ಬಿತು.

ನೆರೆಮನೆಯ ಹೆಂಗಸು ಅಕ್ಬರಿಗೆ ಪಂಡರಿ ನಿಜ ಹೇಳಿದ್ದ. ಆಕೆ ಬಂದು ಸಂಗಮ್ಮನನ್ನು ಗದರಿಸಿದಳು: "ನೀ ಯಾಕ ಬಾಯಿ ಬಿಡವಲ್ಲಿ? ಮುದುಕಾನೇ ನಡಿ ಅಂದಾನಂತ."

"ಏನಂತ ಹೇಳ್ಲಿ? ನಿಮ್ಮ ಮಾವ ತನ್ನ ಸಾವು ತಾನೇ ಬಿತ್ತಿಕೊಂಡ ಅಂತ ಆ ಹುಡುಗಿ ಮುಂದ ಹೇಳ್ಲೇನು?"

"ಅಂದ್ರ ನೀನೂ ಅದನ್ನ ನಂಬೀಯೇನು?"



ಮರುವರ್ಷ ಮೃಗಶಿರಾ ಮಳೆ ಚೆನ್ನಾಗಿಯೇ ಆಯಿತು. ಸಂಗಮ್ಮ ಬೀಜ ಹಾಕಿಕೊಳ್ಳುವ ಉಡಿ ಕಟ್ಟಿಕೊಂಡು ಹೊಸ್ತಿಲಲ್ಲಿ ಕುಳಿತಳು. ಯಾರೂ ಕರೆಯಲಿಲ್ಲ. ಅಕ್ಬರಿಯ ಹೊಲಕ್ಕೂ ಬೇರೆ ಊರಿನ ಹೆಂಗಸು ಬಂದಳು. ಅಕ್ಬರಿ ಆ ದಿನವೆಲ್ಲ ಹಿತ್ತಲ ಬಾಗಿಲಿನಿಂದಲೇ ಓಡಾಡಿದಳು.

ಈಗ ಸಂಗಮ್ಮ ಹುಮನಾಬಾದಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಅಲ್ಲಿಯ ಧಾನ್ಯದ ಪೇಟೆಯಲ್ಲಿ, ಚೀಲದಿಂದ ಚೆಲ್ಲಿದ ಕಾಳು ಗುಡಿಸಿ ಮೊರದಲ್ಲಿ ಕೇರುತ್ತಾಳೆ. ಘಾಟಬೋರಾಳದ ಗಾಡಿ ಬಂದರೆ ಸೆರಗು ಮುಂದೆಳೆದುಕೊಂಡು ಪೊರಕೆಯನ್ನು ಪಕ್ಕದವಳಿಗೆ ಕೊಡುತ್ತಾಳೆ. ಆ ಕಾಳಿಗೆ ಆಕೆ ಕೈ ಹಚ್ಚುವುದಿಲ್ಲ.