ಕೆರೆಬದಿ ಆಗಸ್ಟಿನ್ ಮತ್ತು ಜರ್ಮನಿಯ ದಿಣ್ಣೆ ಮನೆ

ಆಗಸ್ಟಿನ್ ಪಿಂಟೊ ಹೋಗಿ ನಲವತ್ತು ದಿನವಾಯಿತು. ಗಲ್ಫಿನಲ್ಲಿ, ಖಾಲಿದಿಯಾದ ಹೋಟೆಲಿನ ರಿಸೆಪ್ಷನ್ನಿನಲ್ಲಿ ಹದಿನೇಳು ವರ್ಷ ನಾವು ಅಕ್ಕಪಕ್ಕ ನಿಂತವರು. ಅವನನ್ನು ನೆನೆದರೆ ಅಳುವಿಗಿಂತ ಮೊದಲು ನಗು ಬರುತ್ತದೆ.

ಮಂಗಳೂರಿನವರು ಯಾರು ಬಂದರೂ ಅವನ ಮೊದಲ ಪ್ರಶ್ನೆ, "ಯಾವ ಮನೆಯವರು?" ಪಿಂಟೊಗಳು ಸಾವಿರ ಜನ, ಮನೆ ಹೆಸರು ಮಾತ್ರ ಒಬ್ಬೊಬ್ಬರದು ಒಂದೊಂದು ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಹೆಲ್ಗಾ ಬ್ರಿಂಕ್‌ಮನ್ ಎಂಬ ಜರ್ಮನ್ ಇಂಜಿನಿಯರ್ ಆರು ತಿಂಗಳಿಗೆ ಕೋಣೆ ಹಿಡಿದರು. ತೊಂಬತ್ತರ ಹತ್ತಿರವಿದ್ದ ತಂದೆಗೆ ವಂಶದ ಮೂಲ ಮನೆಯನ್ನು ತೋರಿಸಬೇಕೆಂಬುದು ಅವರ ಆಸೆ. ಹೆಸರಿನ ಜಾಡು ಹಿಡಿದು ಹೊರಟಿದ್ದರು. ವಾಯವ್ಯ ಜರ್ಮನಿಯ ಆಡುನುಡಿಯಲ್ಲಿ ಬ್ರಿಂಕ್ ಎಂದರೆ ಹುಲ್ಲಿನ ದಿಣ್ಣೆ. ದಿಣ್ಣೆಯ ಪಕ್ಕದವನು ಬ್ರಿಂಕ್‌ಮನ್. ಹಳ್ಳಿಯೂ ಸಿಕ್ಕಿತ್ತು. ಆದರೆ ಮುತ್ತಜ್ಜನ ತಂದೆ ಹುಟ್ಟಿದಾಗಿನ ಜ್ಞಾನಸ್ನಾನದ ದಾಖಲೆ ಅಲ್ಲಿನ ಚರ್ಚಿನಲ್ಲಿ ಇರಲಿಲ್ಲ.

ಇದನ್ನು ಕೇಳಿ ಆಗಸ್ಟಿನ್ ಅಂದ, "ಮೇಡಂ, ಅವರು ಹೆಂಡತಿ ಮನೆಗೆ ಬಂದು ಕೂತವರಾ?"

"ಏ, ಸುಮ್ನಿರಪಾ!" ಎಂದು ನಾನು ಕೌಂಟರಿನಡಿ ಅವನ ಕಾಲು ತುಳಿದೆ.

"ಎಂತ ಮಾರಾಯ ಶಾಮ, ತಪ್ಪೆಂತ ಉಂಟು? ನಾನೂ ಮನೆ ಅಳಿಯನೇ. ಹೆಂಡತಿ ಕಾರ್ಮಿನ್‌ನ ಮನೆ ಹೆಸರು ಕೆರೆಬದಿ. ಅಲ್ಲಿ ಹೋಗಿ ಕೂತ ಮೇಲೆ ಊರಿಗೆಲ್ಲ ನಾನು ಕೆರೆಬದಿ ಆಗಸ್ಟಿನ್." ಮತ್ತೆ ಅವರ ಕಡೆ ತಿರುಗಿದ. "ಹುಟ್ಟಿದ ಪುಸ್ತಕ ಬಿಡಿ ಮೇಡಂ, ಮದುವೆ ಪುಸ್ತಕ ನೋಡಿ."

ಮೂರು ವಾರದ ಮೇಲೆ ಹೆಲ್ಗಾ ಲಿಫ್ಟಿನಿಂದ ಓಡುತ್ತಲೇ ಬಂದರು. ಚರ್ಚಿನವರು ತೆಗೆದು ನೋಡಿದ ಮದುವೆ ಪುಸ್ತಕದಲ್ಲಿ ಆ ಹಿರಿಯನ ಹುಟ್ಟುಹೆಸರು ಬೇರೆಯೇ ಇತ್ತು. ದಿಣ್ಣೆ ಮನೆ ಅವನ ಹೆಂಡತಿಯದು. ಆ ಸೀಮೆಯಲ್ಲಿ ಹೊಲಮನೆಗೆ ಬಂದು ನೆಲೆಸಿದವನಿಗೆ ಅದರ ಹೆಸರೇ ಅಂಟುತ್ತಿತ್ತಂತೆ. ಅವನು ಹುಟ್ಟಿದ ಮನೆ ಅಲ್ಲಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿತ್ತು.

"ನೋಡಿದಿಯಾ, ಜರ್ಮನಿಯಲ್ಲೂ ಹೆಂಡತಿ ಮನೆಯೇ ಗಟ್ಟಿ," ಎಂದು ಆಗಸ್ಟಿನ್ ಇಡೀ ದಿನ ಬೀಗಿದ. ಬೇಸಿಗೆಯಲ್ಲಿ ಒಂದು ಫೋಟೊ ಬಂತು. ಆ ಹಿರಿಯ ಹುಟ್ಟಿದ ಮನೆಯ ಕಲ್ಲುಮೆಟ್ಟಿಲ ಮೇಲೆ ಹೆಲ್ಗಾರ ತಂದೆ ಬಿಯರ್ ಹಿಡಿದು ಕೂತಿದ್ದರು.

ಆಗಸ್ಟಿನ್ ತೀರಿಕೊಂಡ ಬೆಳಿಗ್ಗೆ ಎಲ್ಲರಿಗೂ ವಾಟ್ಸಾಪ್ ಮಾಡಿದವನು ನಾನು. ಬಾಗಲಕೋಟೆಯವನಾದ ನನಗೆ ಮನೆ ಹೆಸರು ಹಾಕಬೇಕೆಂದು ಹೊಳೆಯಲಿಲ್ಲ, "ಆಗಸ್ಟಿನ್ ಪಿಂಟೊ ಇನ್ನಿಲ್ಲ" ಎಂದಷ್ಟೇ ಬರೆದೆ. ಪಕ್ಕದ ಊರಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಿಂದ ಫೋನ್ ಬಂತು. "ನಾನು ಇದ್ದೇನೆ ಮಾರಾಯ್ರೆ! ಈಗಷ್ಟೇ ತಿಂಡಿ ತಿಂದದ್ದು. ಹೆಂಡತಿಗೆ ಹತ್ತು ಜನ ಸಮಾಧಾನ ಹೇಳಿ ಆಯ್ತು!" ಅವರೂ ಆಗಸ್ಟಿನ್ ಪಿಂಟೊ.

ಅಂಥ ದಿನವೂ ಕಾರ್ಮಿನ್ ನಕ್ಕುಬಿಟ್ಟರು. "ಮನೆ ಹೆಸರು ಹಾಕಿ ಶಾಮಣ್ಣ."

ಕೆರೆಬದಿ ಆಗಸ್ಟಿನ್ ಎಂದು ತಿದ್ದಿ ಕಳಿಸಿದೆ. ಸಂಜೆಗೆ ಟೂರಿಸ್ಟ್ ಕ್ಲಬ್ ಏರಿಯಾದ ಅವರ ಫ್ಲ್ಯಾಟಿನ ಮುಂದೆ ಚಪ್ಪಲಿಗಳು ಲಿಫ್ಟಿನವರೆಗೂ ಇದ್ದವು. ಹೆಲ್ಗಾ ಕಳಿಸಿದ ಹೂಗುಚ್ಛದ ಚೀಟಿಯಲ್ಲಿ ಪಿಂಟೊ ಎಂದಿರಲಿಲ್ಲ. ಕೆರೆಬದಿ ಎಂದಿತ್ತು.